ಗಿಡ ತೆಗೆದು ನೆಗ್ಗು ಉಳಿಸಿದ್ದು

೨೦೦೬, ಫೆಬ್ರುವರಿಯ ಒಂದು ಭಾನುವಾರ, ಮುಂಜಾನೆ ಒಂಬತ್ತು ಗಂಟೆ. ಸ್ಥಳ, ರೋಣದ ಒಂದು ಗ್ಯಾರೇಜಿಗೆ ಅಂಟಿಕೊಂಡ ಕೋಣೆ. ಹಾಜರಿದ್ದವರು ಮೂವರು: ಗಾಡಿಗಳ ನೆಗ್ಗು ತೆಗೆಯುವುದರಲ್ಲಿ ಪಳಗಿದ ಗೆಳೆಯ ರಾಜೇಸಾಬ, ಅಲ್ಲಿ ಕಂಪ್ಯೂಟರ್ ಕಲಿಸುವ ಅವನ ಮಗಳು ಶಬಾನಾ, ಬಸ್ಸು ಓಡಿಸಿ ನಿವೃತ್ತನಾದ ನಾನು. ನನ್ನ ಕೈಯಲ್ಲಿ ಒಂದೂವರೆ ಅಡಿಯ ಜಾಲಿಕೋಲು. ಟಾಯರಿಗೆ ಬಡಿದರೆ ಒಳಗೆ ಗಾಳಿ ಎಷ್ಟಿದೆಯೆಂದು ಸಪ್ಪಳವೇ ಹೇಳುತ್ತದೆ. ಸುತ್ತು ಹಾಕಿ ಎಲ್ಲ ಗಾಲಿಗಳನ್ನೂ ಮಾತಾಡಿಸದೆ ನಾನೆಂದೂ ಸ್ಟೇರಿಂಗ್ ಮುಟ್ಟಿದವನಲ್ಲ. ನಿವೃತ್ತಿಯ ಮೇಲೂ ಆ ಕೋಲು ಬಾಗಿಲ ಬದಿಯ ಮೊಳೆಯಲ್ಲಿ ತೂಗುತ್ತಿತ್ತು, ಹೊರಬಿದ್ದರೆ ಕೈಗೆ ಬರುತ್ತಿತ್ತು.

ಶಬಾನಾ ಎರಡು ಕಂಪ್ಯೂಟರ್ ಹೇರಿಕೊಂಡು ಹತ್ತಿರದ ಹಳ್ಳಿ ಜಕ್ಕಲಿಯಲ್ಲೂ ಕಲಿಸಬೇಕೆಂದಿದ್ದಳು. ಅದಕ್ಕೆ ಅಪ್ಪನ ಹಳೆಯ ಜೀಪು ಬೇಕು. ಲೈಸೆನ್ಸ್ ಸಿಕ್ಕು ತಿಂಗಳಾಗಿತ್ತು, ಕೀಲಿ ಸಿಕ್ಕಿರಲಿಲ್ಲ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಅವಳೇ ತಯಾರಿಸಿದ ಕಾರು ಓಡಿಸುವ ಆಟವಿತ್ತು.

"ನಿಮ್ಮ ಕಾಕಾ ಇಷ್ಟು ವರ್ಷ ಓಡಿಸ್ಯಾನ, ಒಂದು ಗೀರು ಬಿದ್ದಿಲ್ಲ. ಈ ಆಟದಾಗ ಹತ್ತು ಸುತ್ತು ಹಂಗ ಓಡಿಸಿ ತೋರ್ಸು, ಕೀಲಿ ತಗೋ" ಎಂದ ರಾಜೇಸಾಬ, ನನ್ನತ್ತ ಕೈ ತೋರಿಸಿ. ತೀರ್ಪುಗಾರ ನಾನು.

ಅವಳು ಮೊದಲು ಬೇಕೆಂದೇ ಕಾರನ್ನು ಗೋಡೆಗೆ ಗುದ್ದಿಸಿ ತೋರಿಸಿದಳು. ಕಾರಿನ ಬಣ್ಣವೂ ಮಾಸಲಿಲ್ಲ.

"ಏ, ಇಂಥಾ ಗಾಡಿ ಬಂದ್ರ ನಾ ಉಪಾಸ!"

"ನೆಗ್ಗು ತೋರಿಸೋ ಹಂಗ ಮಾಡಬಹುದು ಅಬ್ಬಾ. ಈ ಮಷೀನಿಗೆ ಅಷ್ಟು ತಾಕತ್ತಿಲ್ಲ."

ಮಾಡಿದಳು. ಚಿತ್ರ ಮುಗ್ಗರಿಸಿ ನಿಂತೇಬಿಟ್ಟಿತು. ನಾನು ರೂಢಿಯಂತೆ ಮೇಜಿನ ಸುತ್ತ ಒಂದು ಸುತ್ತು ಬಂದು, ಕೋಲಿನಿಂದ ಕಂಪ್ಯೂಟರಿನ ಡಬ್ಬಿಗೆ ಮೆಲ್ಲಗೆ ಬಡಿದೆ.

"ಕಾಕಾ, ಅದು ಟಾಯರ್ ಅಲ್ಲರಿ!"

ಕೈಯಿಟ್ಟರೆ ಗಜೇಂದ್ರಗಡದ ಏರು ಹತ್ತಿದ ರೇಡಿಯೇಟರಿನಷ್ಟು ಬಿಸಿ. ಬಿಚ್ಚಿದರೆ ಫ್ಯಾನಿನ ತುಂಬ ಎರೆಮಣ್ಣಿನ ಧೂಳು, ಹತ್ತಿಯ ಎಳೆ. ಒರೆಸಿದ ಮೇಲೆ ಯಂತ್ರ ನಿಲ್ಲಲಿಲ್ಲ, ಆದರೂ ತೆವಳಿತು. ತಗಡು ಎಲ್ಲಿ ಎಷ್ಟು ಮಡಚಿತೆಂದು ಅದು ಕ್ಷಣಕ್ಷಣಕ್ಕೂ ಲೆಕ್ಕ ಹಾಕಬೇಕಂತೆ. ಇದ್ದಷ್ಟು ಶಕ್ತಿಯಲ್ಲಿ ಅದು ಸಾಧ್ಯವಾಗಬೇಕಾದರೆ ಬೇರೆ ಏನನ್ನಾದರೂ ಬಿಡಬೇಕಂತೆ. ಶಬಾನಾ ದಾರಿಬದಿಯ ಗಿಡಗಳನ್ನು ತೆಗೆದಳು, ಮೋಡ ತೆಗೆದಳು, ನೋಡಲು ನಿಂತ ಜನರನ್ನೂ ತೆಗೆದಳು. ಬೋಳು ರಸ್ತೆ ಉಳಿಯಿತು. ಅದರ ಮೇಲೆ ಕಾರು ಸಲೀಸಾಗಿ ಓಡಿತು.

ಒಂಬತ್ತನೆಯ ಸುತ್ತಿನಲ್ಲಿ ಎಡಗಡೆಯ ಮಡ್‌ಗಾರ್ಡ್ ಗೋಡೆಗೆ ತಾಗಿ ಒಳಗೆ ಕುಸಿಯಿತು. ರಾಜೇಸಾಬ ತೆರೆಯ ಮೇಲೆ ಹೆಬ್ಬೆರಳಾಡಿಸಿ, "ಖರೇನ ತಗಡು ಹಿಂಗ ಮಡಚತೈತಿ ನೋಡು" ಎಂದು ಮೆಚ್ಚಿದ. ಮೆಚ್ಚಿ, ಕೀಲಿಯನ್ನು ಜೇಬಿಗಿಳಿಸಿದ.

ಓದುಗ ಗೆಳೆಯರೆ, ತೀರ್ಪು ಹೇಳಲು ಬಾಯಿ ತೆರೆದವನಿಗೆ ಬೇರೆಯೇ ಮಾತು ಬಂತು. "ರಾಜೇಸಾಬ, ಕೊಣ್ಣೂರು ಸೇತುವೆ ಗ್ವಾಡಿಗೆ ತಿಕ್ಕಿದ ನನ್ನ ಬಸ್ಸಿನ ಮಡ್‌ಗಾರ್ಡ್ ಬಡದು, ಬಣ್ಣಾ ಹಚ್ಚಿ ಕೊಟ್ಟಾಂವ ಯಾರು?"

"ಅದನ್ಯಾಕ ಈಗ ತೆಗೀತಿ ಮಾರಾಯಾ!"

"ಅಬ್ಬಾ, ಒಂದು ಗೀರು ಬಿದ್ದಿಲ್ಲ ಅಂದಿದ್ರಿ?"

ರಾಜೇಸಾಬ ಮಗಳನ್ನು ನೋಡಿದ, ನನ್ನನ್ನು ನೋಡಿದ. ಕಡೆಗೆ ಕಸುಬಿನ ಹೆಮ್ಮೆಯೇ ಗೆದ್ದಿತು. "ಬಿದ್ದಿತ್ತು ಬೇಟಿ. ಬಿದ್ದದ್ದು ಯಾರಿಗೂ ಗೊತ್ತಾಗಧಂಗ ಬಡದಿದ್ದೆ." ಕೀಲಿ ಮೇಜಿನ ಮೇಲೆ ಬಂತು.

ನಾಲ್ಕು ಗಂಟೆಗೆ ಜಕ್ಕಲಿಗೆ ಹೊರಟೆವು. ಶಬಾನಾ ಬಾಗಿಲು ಮುಟ್ಟುವ ಮೊದಲು ನನ್ನತ್ತ ಕೈಚಾಚಿದಳು, ಕೋಲು ಕೊಟ್ಟೆ. ಸುತ್ತು ಹಾಕಿ ಮೂರನೆಯ ಗಾಲಿಯ ಬಳಿ ನಿಂತು, "ಇದರ ಸಪ್ಪಳ ಮೆತ್ತಗೈತಿ ಕಾಕಾ" ಎಂದಳು. ನಿಜವೇ, ಗಾಳಿ ತುಂಬಿಸಿಯೇ ಹೊರಟೆವು. ಎಡಗಡೆಯ ಸೀಟಿನಲ್ಲಿ ಕುಳಿತ ನನಗೆ, ಎಷ್ಟೋ ವರ್ಷ ಓಡಾಡಿದ ಆ ದಾರಿಯ ಬದಿಯಲ್ಲಿ ಅಷ್ಟೊಂದು ಬೇವಿನ ಗಿಡಗಳಿವೆಯೆಂಬುದು ಅಂದೇ ಕಂಡಿತು. ರಸ್ತೆ, ಗಾಲಿ, ಗೀರಿಲ್ಲದ ಹೆಸರು, ಇಷ್ಟನ್ನು ಹೊತ್ತ ನನ್ನ ತಲೆಯೂ ಗಿಡಗಳನ್ನು ತೆಗೆದುಹಾಕಿತ್ತೇನೋ.

ಆರಕ್ಕೆ ಮನೆ. ಮೊಳೆಯತ್ತ ಹೋದ ಕೈ ಖಾಲಿಯಿತ್ತು. ಕೋಲು ಜೀಪಿನಲ್ಲೇ ಉಳಿದಿತ್ತು, ಉಳಿಯಲಿ. ಹಳೆಯ ಡ್ಯೂಟಿ ಪುಸ್ತಕ ತೆಗೆದು ಕೊಣ್ಣೂರು ಸೇತುವೆಗೆ ಬಸ್ಸು ತಿಕ್ಕಿದ ದಿನದ ಪುಟ ಹುಡುಕಿದೆ. "ಗಾಡಿ ಸುಸ್ಥಿತಿ" ಎಂದು ನಾನೇ ಬರೆದ ಸಾಲಿನ ಕೆಳಗೆ, "ಎಡ ಮಡ್‌ಗಾರ್ಡ್ ನೆಗ್ಗಿತ್ತು. ರಾಜೇಸಾಬ ಸರಿಪಡಿಸಿದ" ಎಂದು ಬರೆದು, ಸಹಿ ಹಾಕಿ, ಪುಸ್ತಕ ಮುಚ್ಚಿದೆ.