ಹೊಲಿದು ಬಿಚ್ಚಿದ ಹಾಳೆ

ಕಳೆದ ತಿಂಗಳು ಮಗಳ ಶಾಲೆಯ ಪುಸ್ತಕದ ಬೆನ್ನು ಕಿತ್ತು ಬಂದಿತ್ತು. ಮನೆಯಲ್ಲಿ ಅಂಟು ಇರಲಿಲ್ಲ. ಹಳೆಯ ಡಬ್ಬಿಯೊಂದರಲ್ಲಿ ಮೈದಾಹಿಟ್ಟು ಕದಡಿ ಒಲೆಯ ಮೇಲಿಟ್ಟೆ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದೆ. ಅದು ಕುದಿದು ಗಟ್ಟಿಯಾಗುತ್ತಿದ್ದಂತೆ ಎದ್ದ ವಾಸನೆಗೆ ನನ್ನ ಕೈ ನಿಂತಿತು. ಹದಿನೈದು ವರ್ಷವಾಯಿತೇನೋ ಆ ವಾಸನೆ ಮೂಗಿಗೆ ಬಡಿದು… ಲಕ್ಷ್ಮೇಶ್ವರದ ಅಡುಗೆಮನೆಯಲ್ಲಿ ನಿಂತೇ ನಾನು ಗದಗಿನ ಪ್ರೆಸ್ಸಿನ ಹಿಂದಿನ ಕೋಣೆಗೆ ಹೋಗಿಬಿಟ್ಟಿದ್ದೆ.

ಆ ಕೋಣೆ ಬೈಂಡಿಂಗ್ ಕಾಕಾ ಅವರದು. ಮದುವೆಗೆ ಮುಂಚೆ ನಾನು ಆ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಟೈಪ್ ಮಾಡುವ ಕೆಲಸಕ್ಕಿದ್ದೆ. ಕಾಕಾ ಬೆಟಗೇರಿಯಿಂದ ಸೈಕಲ್ಲಿನ ಮೇಲೆ ಬರುತ್ತಿದ್ದರು. ಪ್ರೊಟೆಸ್ಟಂಟ್ ಕ್ರೈಸ್ತರು, ಮೂರು ತಲೆಮಾರಿನಿಂದ ಒಂದೇ ಚರ್ಚಿನವರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಇದ್ದವಳು ಒಬ್ಬಳೇ ಮಗಳು. ಸುತ್ತಲಿನ ಯಾವ ಪ್ರೊಟೆಸ್ಟಂಟ್ ಚರ್ಚಿನ ಬೈಬಲ್ಲಿನ ಹೊಲಿಗೆ ಬಿಟ್ಟರೂ ಅದು ಅವರ ಕೈಗೇ ಬರುತ್ತಿತ್ತು. ಉಳಿದ ಪುಸ್ತಕಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಯುವ ಮನುಷ್ಯ, ಬೈಬಲ್ ಬಂದರೆ ಕೈ ತೊಳೆದು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅದರ ಮೇಲಿಟ್ಟೇ ಬಿಚ್ಚುತ್ತಿದ್ದರು.

ನಾನು ಸೇರಿದ ಎರಡನೆಯ ವರ್ಷ ಅವರ ಮಗಳು ತೀರಿಕೊಂಡಳು. ಎಂಟು ದಿನ ಬಿಟ್ಟು ಕೆಲಸಕ್ಕೆ ಬಂದ ಕಾಕಾ ಆಮೇಲೆ ಎಷ್ಟೋ ತಿಂಗಳು ಆ ಸಂಗತಿಯನ್ನು ತುಂಡುತುಂಡಾಗಿ ನನಗೆ ಹೇಳಿದರು, ಒಮ್ಮೆ ಚಹಾ ಕುಡಿಯುತ್ತ, ಒಮ್ಮೆ ಸೂಜಿಗೆ ದಾರ ಪೋಣಿಸುತ್ತ.

ಮಗಳನ್ನು ಶಿರಹಟ್ಟಿಗೆ ಕೊಟ್ಟಿದ್ದರು. ಅಲ್ಲಿ ಹುಟ್ಟಿದ ಕೂಸು ಎರಡನೆಯ ದಿನವೇ ಹೋಯಿತು. ದೀಕ್ಷಾಸ್ನಾನ ಆಗಿರಲಿಲ್ಲ, ಹೆಸರೂ ಇಟ್ಟಿರಲಿಲ್ಲ. ‘ನನ್ನ ಕೂಸು ಈಗ ಎಲ್ಲೈತ್ರಿ?’ ಎಂದು ಆಕೆ ತವರಿನ ಚರ್ಚಿನ ಪಾಸ್ಟರರನ್ನು ಕೇಳಿದಳಂತೆ. ಪಾಸ್ಟರು ಸುಳ್ಳು ಹೇಳುವವರಲ್ಲ. ಬೈಬಲ್ ಅದನ್ನು ಬಿಡಿಸಿ ಹೇಳಿಲ್ಲ, ದೇವರ ಕೈಗೆ ಬಿಡಬೇಕು ಎಂದರಂತೆ. ಅಂದಿನಿಂದ ಆಕೆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಎರಡು ವರ್ಷದೊಳಗೆ ಕಿಡ್ನಿ ಕೆಟ್ಟು ತವರಿಗೆ ಬಂದು ಮಲಗಿದಳು. ಒಂದು ರವಿವಾರ ಪಾಸ್ಟರು ಮನೆಗೇ ಬಂದು, ಆರಾಧನೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿ ಕೊಡಹೋದರೆ ಆಕೆ ಗೋಡೆಯ ಕಡೆ ಮುಖ ಮಾಡಿದಳು. ಅವರು ಹೋದ ಮೇಲೆ ಕಾಕಾ ತಡೆಯಲಾರದೆ ಅಂದುಬಿಟ್ಟರು: “ಹಿಂಗ ಮಾಡಿದ್ರ ನಿನಗ ನರಕನ ಗತಿ.”

ಆಕೆ ಈ ಕಡೆ ಹೊರಳದೆಯೇ ಹೇಳಿದಳಂತೆ: “ನನ್ನ ಕೂಸು ಅಲ್ಲಿದ್ರ ನಾನೂ ಅಲ್ಲಿಗೇ ಹೋಗ್ತೀನಪ್ಪಾ.”

ಅವರಿಬ್ಬರ ನಡುವೆ ಅದೇ ಕಡೆಯ ಮಾತು. ಬುಧವಾರ ಆಕೆ ಹೋದಳು.

“ಮೂರು ದಿನ ನಾನೂ ಮಾತಾಡಲಿಲ್ಲ, ಆಕಿನೂ ಮಾತಾಡಲಿಲ್ಲ, ತಂಗಿ. ಗಂಜಿ ಕುಡಸಾಕ ಹೋದ್ರ ಬಾಯಿ ತಗೀತಿದ್ದಳು. ಅಷ್ಟ,” ಎಂದು ಕಾಕಾ ಹೇಳಿದ್ದು ನೆನಪಿದೆ. ನನಗಾಗ ಇಪ್ಪತ್ತೆರಡು ವರ್ಷ.

ಇನ್ನೊಂದು ದಿನ ಕೇಳಿದರು, “ನಿಮ್ಮ ಮನ್ಯಾಗ ಸತ್ತವರ ಸಲುವಾಗಿ ಏನರ ಮಾಡ್ತೀರೇನು?”

ಹಿರಿಯರ ಅಮಾವಾಸ್ಯೆಗೆ ಎಡೆ ಹಿಡಿಯುತ್ತೇವೆ, ಹೊಸ ಬಟ್ಟೆ ಇಡುತ್ತೇವೆ ಎಂದೆ. ಕಾಕಾ ತಲೆಯಾಡಿಸಿದರು. “ನಮ್ಮಲ್ಲಿ ಏನೂ ಇಲ್ಲ ನೋಡು. ಮಣ್ಣು ಕೊಟ್ಟ ಮ್ಯಾಲ ನಮ್ಮ ಕೈಯಾಗ ಏನೂ ಇಲ್ಲ. ಅತ್ತಾಗ ಸ್ವರ್ಗ, ಇತ್ತಾಗ ನರಕ. ನಡುವ ಒಂದು ಜಾಗ ಇದ್ದಿದ್ರ…”

ಆ ಮಾತು ಆಗಿ ಸ್ವಲ್ಪ ದಿನಕ್ಕೆ ರೈಲ್ವೆ ಕ್ವಾರ್ಟರ್ಸಿನಿಂದ ಒಬ್ಬ ಮುದುಕಿ ತನ್ನ ಬೈಬಲ್ ತಂದುಕೊಟ್ಟಳು. ಕ್ಯಾಥೊಲಿಕ್ ಜನ. ಕಾಕಾ ಅದನ್ನು ಬಿಚ್ಚಿ ಪುಟಗಳ ಕಟ್ಟುಗಳನ್ನು ಎಣಿಸುತ್ತಿದ್ದವರು ನನ್ನನ್ನು ಕೂಗಿದರು.

“ತಂಗಿ, ಇದರಾಗ ಬ್ಯಾರೆ ಪುಸ್ತಕದ ಹಾಳಿ ಸೇರ್ಯಾವು. ಲೆಕ್ಕ ಹತ್ತವಲ್ದು.”

ನಾನು ವಿಷಯಸೂಚಿ ತೆಗೆದು, ಅವರ ಜೇಬಿನ ಬೈಬಲ್ಲಿನ ಪಕ್ಕಕ್ಕಿಟ್ಟು ಓದಿದೆ. ಬೇರೆ ಪುಸ್ತಕದ ಹಾಳೆಗಳಲ್ಲ. ಆ ಬೈಬಲ್ಲಿನಲ್ಲಿ ಏಳು ಗ್ರಂಥಗಳು ಹೆಚ್ಚಿಗೆ ಇದ್ದವು. ಐವತ್ತೈದು ವರ್ಷ ಬೈಬಲ್ಲಿನೊಂದಿಗೆ ಬದುಕಿದ ಮನುಷ್ಯ, ತನ್ನ ಬೈಬಲ್ಲಿನಲ್ಲಿ ಇಲ್ಲದ್ದೊಂದು ಇನ್ನೊಬ್ಬರ ಬೈಬಲ್ಲಿನಲ್ಲಿದೆ ಎಂದು ಯಾರದೋ ಬಾಯಲ್ಲಿ ಕೇಳಿದ್ದರಂತೆ, ಕಣ್ಣಾರೆ ನೋಡಿರಲಿಲ್ಲ. ಆ ವಾರವೆಲ್ಲ ಮಧ್ಯಾಹ್ನ ಬುತ್ತಿ ಬಿಚ್ಚದೆ ಆ ಏಳು ಗ್ರಂಥಗಳನ್ನು ಓದಿದರು. ಶನಿವಾರ ಒಂದು ಪುಟದ ಮೇಲೆ ಬೆರಳಿಟ್ಟು ನನ್ನ ಬಳಿ ಬಂದರು.

ಯುದ್ಧದಲ್ಲಿ ಸತ್ತ ಸೈನಿಕರ ಅಂಗಿಯೊಳಗೆ ಅನ್ಯದೇವರ ತಾಯಿತಗಳು ಸಿಗುತ್ತವೆ. ಪಾಪದಲ್ಲೇ ಸತ್ತವರು. ಆದರೂ ಸೇನಾಪತಿ ಅವರನ್ನು ಕೈಬಿಡುವುದಿಲ್ಲ, ಅವರ ಸಲುವಾಗಿ ಪ್ರಾರ್ಥನೆ ಮಾಡಿಸುತ್ತಾನೆ, ದೇವಾಲಯಕ್ಕೆ ಬಲಿ ಕಳಿಸುತ್ತಾನೆ. ಅಷ್ಟೇ ಇತ್ತು ಅಲ್ಲಿ.

“ಸತ್ತ ಮ್ಯಾಲನೂ ಕೇಳಬಹುದಂತ,” ಎಂದರು ಕಾಕಾ. “ಬರದಾರ ನೋಡು.”

ಮರುದಿನವೇ ಪಾಸ್ಟರರ ಬಳಿ ಹೋದರು. ಆ ಗ್ರಂಥಗಳು ಓದಲು ಒಳ್ಳೆಯವು, ಆದರೆ ನಾವು ಅವನ್ನು ದೇವರ ವಾಕ್ಯವೆಂದು ಹಿಡಿಯುವುದಿಲ್ಲ, ಸತ್ತ ಮೇಲೆ ನ್ಯಾಯತೀರ್ಪು ಒಂದೇ ಎಂದು ಅವರು ಸಮಾಧಾನದಿಂದಲೇ ಹೇಳಿದರಂತೆ. “ನೀವು ತಗದ್ರೋ, ಅವರು ಕೂಡಿಸಿದ್ರೋ?” ಎಂದು ಕಾಕಾ ಕೇಳಿದ್ದಕ್ಕೆ ದೊಡ್ಡ ಚರಿತ್ರೆ ಹೇಳಿದರು. ಕಾಕಾನ ತಲೆಗೆ ಅದು ಹೋಗಲಿಲ್ಲ.

ಹೊಲಿದ ಬೈಬಲ್ ಮುಟ್ಟಿಸುವ ನೆವದಲ್ಲಿ ಮುದುಕಿಯ ಚರ್ಚಿನ ಫಾದರರ ಬಳಿಗೂ ಹೋದರು. ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನು ಕರೆದುಕೊಂಡರು. ಫಾದರು ಕರಾವಳಿಯ ಕಡೆಯವರು. ಎಲ್ಲವನ್ನೂ ಕೇಳಿ, ಕಾಕಾ ತಂದ ಬೈಬಲ್ಲಿನಲ್ಲಿ ಆ ಪುಟ ತೆಗೆದರು.

“ನೀವು ಕೇಳುವ ನಡುವಿನ ಜಾಗಕ್ಕೆ ನಾವು ಶುದ್ಧೀಕರಣದ ಸ್ಥಳ ಎನ್ನುತ್ತೇವೆ, ಆ ಹೆಸರು ನಮ್ಮ ಬೈಬಲ್ಲಿನಲ್ಲೂ ಇಲ್ಲ,” ಎಂದರು. “ಈ ಪ್ರಸಂಗ, ಇನ್ನೂ ಕೆಲವು ಮಾತುಗಳು, ಹಿಂದಿನಿಂದ ಬಂದ ನಂಬಿಕೆ, ಇವುಗಳ ಮೇಲೆ ನಾವು ನಿಂತಿದ್ದೇವೆ. ದೇವರ ಸ್ನೇಹದಲ್ಲಿ ಸತ್ತವರು ಅಲ್ಲಿ ಶುದ್ಧರಾಗುತ್ತಾರೆ ಎನ್ನುತ್ತೇವೆ. ನಿಮ್ಮ ಮಗಳ ಕಡೆಯ ಕ್ಷಣದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಆಕೆ ಕಳೆದುಹೋದಳು ಎಂದು ಹೇಳಲು ಯಾರಿಗೂ ಅಧಿಕಾರ ಇಲ್ಲ. ನಿಮಗೂ ಇಲ್ಲ.”

“ಮತ್ತ ಕೂಸು?”

“ಅದನ್ನು ಎಲ್ಲೂ ಬರೆದಿಲ್ಲ. ನಾವು ಕರುಣೆಯನ್ನು ನಂಬುತ್ತೇವೆ.”

ಹೊರಗೆ ಬಂದ ಮೇಲೆ ಕಾಕಾ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತೇ ಇದ್ದರು. “ಎರಡೂ ಬೈಬಲ್ಲಿನ್ಯಾಗ ನನ್ನ ಮೊಮ್ಮಗ ಇಲ್ಲ,” ಎಂದರು.

ಆಮೇಲೆ ಆದದ್ದರಲ್ಲಿ ನನ್ನ ಪಾಲೂ ಇದೆ. ಅವರ ಸ್ವಂತ ಚರ್ಚಿನ ದೊಡ್ಡ ಬೈಬಲ್ ಹೊಲಿಗೆಗೆ ಬಂದಿತ್ತು. ಆ ಪ್ರಸಂಗವನ್ನು ಟೈಪ್ ಮಾಡಿ ತೆಳು ಕಾಗದದ ಮೇಲೆ ತೆಗೆದುಕೊಡು ಎಂದರು. ಬೈಬಲ್ಲಿನ ಅಕ್ಷರದ ಅಳತೆಗೇ ಟೈಪ್ ಮಾಡಿಕೊಟ್ಟೆ. ಯಾಕೆ ಎಂದು ಕೇಳಲಿಲ್ಲ. ಹಳೆಯ ಒಡಂಬಡಿಕೆ ಮುಗಿದು ಹೊಸದು ಆರಂಭವಾಗುವ ನಡುವೆ ಕಾಕಾ ಆ ಹಾಳೆಯನ್ನು ಹೊಲಿದುಬಿಟ್ಟರು. ತಮ್ಮ ಚರ್ಚಿನ ಬೈಬಲ್ಲಿನೊಳಗೆ ಅದೊಂದು ಮಾತು ಇದ್ದರೆ ಮಗಳಿಗೆ ದಾರಿಯಾಗುತ್ತದೆ ಎಂದು ಅವರ ಮನಸ್ಸು ಹೇಳಿರಬೇಕು.

ಕ್ರಿಸ್ಮಸ್ ಹತ್ತಿರದ ರವಿವಾರ, ಯೇಸುವಿನ ಜನನ ಓದಲು ಹೊಸ ಒಡಂಬಡಿಕೆಯ ಮೊದಲ ಪುಟ ತೆಗೆದವರ ಕಣ್ಣಿಗೆ ಹಾಳೆ ಬಿತ್ತು. ಸೋಮವಾರ ಪಾಸ್ಟರು, ಸಭೆಯ ಇಬ್ಬರು ಹಿರಿಯರು ಆ ಬೈಬಲ್ ಹೊತ್ತು ಪ್ರೆಸ್ಸಿಗೆ ಬಂದರು. ಯಾರೂ ದನಿ ಏರಿಸಲಿಲ್ಲ. ಒಬ್ಬ ಹಿರಿಯರು ಹಾಳೆಯನ್ನು ಹರಿಯಲು ಕೈ ಹಾಕಿದಾಗ ಕಾಕಾ ಎದ್ದರು.

“ಜಗ್ಗಬ್ಯಾಡ್ರಿ. ದಾರ ಕಡದ್ರ ಅಕ್ಕಪಕ್ಕದ ಹಾಳಿನೂ ಸಡಲ ಆಗ್ತಾವು. ನಾನ ತಗೀತೀನಿ.”

ಕೈ ತೊಳೆದರು. ಬಿಳಿ ಬಟ್ಟೆ ಹಾಸಿದರು. ತಾವು ಹಾಕಿದ ಹೊಲಿಗೆಯನ್ನು ಸೂಜಿಯ ಮೊನೆಯಿಂದ ಒಂದೊಂದೇ ಬಿಡಿಸಿ, ಹಾಳೆ ತೆಗೆದು, ಮತ್ತೆ ಹೊಲಿದು ಕೊಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ. ಟೈಪ್ ಮಾಡಿದ್ದು ನಾನೆಂದು ಹೇಳಲಿಲ್ಲ. ಕಾಕಾನೂ ಹೇಳಲಿಲ್ಲ. ಹೋಗುವಾಗ ಪಾಸ್ಟರು ಅವರ ಹೆಗಲ ಮೇಲೆ ಕೈಯಿಟ್ಟು, “ರವಿವಾರ ಬರ್ರಿ,” ಎಂದರು. ಕಾಕಾ ಮುಂದೆ ಯಾವ ರವಿವಾರವೂ ಹೋಗಲಿಲ್ಲ.

ಹಾಗೆಂದು ಫಾದರರ ಚರ್ಚಿಗೂ ಸೇರಲಿಲ್ಲ. “ನಮ್ಮಪ್ಪ, ನನ್ನ ಹೇಣ್ತಿ, ಮಗಳು ಎಲ್ಲಾ ಇದ ಮಣ್ಣಾಗ ಅದಾರ,” ಎನ್ನುತ್ತಿದ್ದರು. ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು. ನಡುವಿನ ಜಾಗ ಒಂದು ಆಸರೆಯಾಗುತ್ತದೆ ಎಂದು ನಾನು ತಿಳಿದಿದ್ದೆ. ಅದು ಅವರನ್ನು ಇನ್ನಷ್ಟು ತಿಂದಿತು. ಶುದ್ಧವಾಗುವುದೆಂದರೆ ಸುಡುವುದು ಎಂದು ಯಾರೋ ಹೇಳಿದ್ದರು. ಕತ್ತರಿ ಹಾಕುತ್ತಿದ್ದವರು ಥಟ್ಟನೆ ನಿಲ್ಲಿಸಿ ಕೇಳುತ್ತಿದ್ದರು: “ಎಷ್ಟು ದಿನ ಇರಬೇಕಂತ, ತಂಗಿ? ದಿನಾನೋ, ವರ್ಷಾನೋ? ಎಲ್ಲೂ ಬರದಿಲ್ಲಲ್ಲ.” ಕೈ ತಪ್ಪತೊಡಗಿತು. ಲಗ್ನಪತ್ರಿಕೆಗಳ ಅಂಚು ಸೊಟ್ಟ ಕತ್ತರಿಸಿ ಮಾಲೀಕರಿಂದ ಬೈಸಿಕೊಳ್ಳುತ್ತಿದ್ದರು.

ಮರುವರ್ಷ ಹಿರಿಯರ ಅಮಾವಾಸ್ಯೆ ಬಂದಾಗ ಅವರೇ ಕೇಳಿದರು. “ನಿಮ್ಮ ಎಡಿಯೊಳಗ ಆಕಿದೊಂದು ಇಡಸ್ತೀಯೇನು?” ಅವ್ವನಿಗೆ ಹೇಳಿದೆ. ಅವ್ವ ಎರಡನೆಯ ಮಾತಾಡಲಿಲ್ಲ. ಕಾಕಾ ಬಸ್ಸು ಹಿಡಿದು ನಮ್ಮೂರು ಹಿರೇವಡ್ಡಟ್ಟಿಗೆ ಬಂದರು. ಚೀಲದಲ್ಲಿ ಒಂದು ಹಸಿರು ಸೀರೆ, ಒಂದು ಕೂಸಿನ ಅಂಗಿ. ಅವ್ವ ಅವೆರಡನ್ನೂ ನಮ್ಮ ಅಜ್ಜಿಯ ಸೀರೆಯ ಪಕ್ಕ ಇಟ್ಟು, ಹೋಳಿಗೆ ಬಡಿಸಿ, ಊದಿನಕಡ್ಡಿ ಹಚ್ಚಿದಳು. ಕಾಕಾ ಹೊಸ್ತಿಲಾಚೆ ಕುಳಿತು ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ಮುಖ ಬದಲಾಯಿತು.

“ಆಕಿಗೆ ಈ ಊರು ಗೊತ್ತಿಲ್ಲಲ್ಲ, ಯವ್ವಾ,” ಎಂದು ಅವ್ವನಿಗೆ ಹೇಳಿದರು. “ಎಲ್ಲಿ ಅಂತ ಹುಡುಕ್ತಾಳ?”

ಅವ್ವ ಅವರ ಮುಂದೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಊಟ ಮಾಡದೆ ಹೋದರು ಕಾಕಾ…

ಆರು ತಿಂಗಳಿಗೆ, ಒಂದು ಬೆಳಿಗ್ಗೆ ಬೆಟಗೇರಿಯ ಮನೆಯಲ್ಲೇ ಎದೆ ಹಿಡಿದು ಹೋದರು. ಮಣ್ಣಿಗೆ ನಾನೂ ಹೋಗಿದ್ದೆ. ಪಾಸ್ಟರು ಒಳ್ಳೆಯ ಮಾತಾಡಿದರು, ಉಳಿದವರಿಗೆ ಸಮಾಧಾನ ಸಿಗಲೆಂದು ಪ್ರಾರ್ಥಿಸಿದರು. ಅವರ ಪದ್ಧತಿಯಂತೆ ಸತ್ತವರ ಸಲುವಾಗಿ ಏನನ್ನೂ ಕೇಳಲಿಲ್ಲ. ಸಮಾಧಾನ ಮಾಡಿಕೊಳ್ಳಬೇಕಾದ ಹತ್ತಿರದವರು ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ನನ್ನ ಮದುವೆಯಾಯಿತು. ಅತ್ತೆಯ ಮನೆಯ ಎಡೆಯಲ್ಲಿ ಪ್ರೆಸ್ಸಿನ ಕಾಕಾನ ಹೆಸರು ಹೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ವರ್ಷಗಳು ಹೋದವು. ಮರೆತಿದ್ದೆ ಎಂದರೂ ತಪ್ಪಲ್ಲ.

ಹೋದ ವಾರ ಗದಗಿಗೆ ಹೋದವಳು ಕ್ಯಾಥೊಲಿಕ್ ಚರ್ಚಿನ ಆಫೀಸಿಗೆ ಹೋದೆ. ಆ ಫಾದರು ಈಗ ಇಲ್ಲ, ಬೇರೊಬ್ಬರಿದ್ದಾರೆ, ಸಣ್ಣ ವಯಸ್ಸಿನವರು. ಸತ್ತವರ ಸಲುವಾಗಿ ಪೂಜೆಯಲ್ಲಿ ಹೆಸರು ಹೇಳುತ್ತೀರಲ್ಲ, ನಿಮ್ಮವರಲ್ಲದವರದೂ ಹೇಳುತ್ತೀರಾ ಎಂದು ಕೇಳಿದೆ. ಹೇಳುತ್ತೇವೆ ಎಂದು ವಹಿ ತೆಗೆದರು. ಕಾಕಾನ ಹೆಸರು ಬರೆಸಿದೆ, ಮಗಳ ಹೆಸರು ಬರೆಸಿದೆ.

“ನೀವು ಅವರಿಗೆ ಏನಾಗಬೇಕು?”

“ಏನೂ ಆಗಬೇಕಿಲ್ಲರಿ. ಒಂದ ಪ್ರೆಸ್ಸಿನ್ಯಾಗ ಕೆಲಸ ಮಾಡ್ತಿದ್ವಿ.” ಸ್ವಲ್ಪ ತಡೆದು ಹೇಳಿದೆ, “ಇನ್ನೊಂದು ಕೂಸು ಐತ್ರಿ.”

“ಹೆಸರು?”

“ಇಟ್ಟಿರಲಿಲ್ಲರಿ.”

ಅವರ ಪೆನ್ನು ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ತಲೆ ಬಗ್ಗಿಸಿ ಏನೋ ಬರೆದುಕೊಂಡರು. ಏನು ಬರೆದರೆಂದು ನಾನು ಬಗ್ಗಿ ನೋಡಲಿಲ್ಲ.

ಶುಕ್ರವಾರ ಬೆಳಗಿನ ಪೂಜೆಯಲ್ಲಿ ಹೇಳುತ್ತೇವೆ ಎಂದಿದ್ದರು. ಆ ಹೊತ್ತಿಗೆ ನಾನು ಲಕ್ಷ್ಮೇಶ್ವರದಲ್ಲಿ ಮಗಳನ್ನು ಶಾಲೆಗೆ ಬಿಟ್ಟು ವಾಪಸು ನಡೆಯುತ್ತಿದ್ದೆ. ರಸ್ತೆಯ ಬದಿಗೆ ಸರಿದು ಸ್ವಲ್ಪ ಹೊತ್ತು ನಿಂತೆ. ಯಾವ ಪ್ರಾರ್ಥನೆಯೂ ನನಗೆ ಬರುವುದಿಲ್ಲ. ಮೂವರ ಸಲುವಾಗಿಯೂ ಇವತ್ತು ಯಾರೋ ಒಬ್ಬರು ಕೇಳುತ್ತಿದ್ದಾರೆ ಎಂದು ಕಾಕಾಗೆ ಹೇಳಬೇಕೆನಿಸಿತು. ಹೇಳಲಿಕ್ಕೆ ಅವರಿಲ್ಲ.