ಸೋಮವಾರ ಗಾಡಿ ಕಟ್ಟಿದವರು

ಹೋದ ವಾರ ನಮ್ಮ ಮನೆಯ ಗೇಟು ಕಿರುಗುಟ್ಟುತ್ತದೆಂದು ವೆಲ್ಡಿಂಗ್ ಅಂಗಡಿಯವನೊಬ್ಬ ಬಂದು ಅದರ ಕೀಲಿಗೆ ಕಪ್ಪನೆಯ ಎಣ್ಣೆ ಸವರಿ ಹೋದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ... ಎತ್ತಿನ ಗಾಡಿಯ ಕೀಲೆಣ್ಣೆ, ಮಂಡ್ಯದ ನಮ್ಮ ಆಫೀಸು, ಸಾಗಾಣಿಕೆಯವರು, ಎಲ್ಲವೂ ಒಟ್ಟಿಗೆ ಎದುರಿಗೆ ಬಂದವು.

ಎಪ್ಪತ್ತರ ದಶಕದಲ್ಲಿ ನಾನು ಮಂಡ್ಯದ ಒಂದು ಬೆಲ್ಲದ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಆಲೆಮನೆಗಳಿಂದ ಬೆಲ್ಲ ಕೊಂಡು ರೈಲಿನಲ್ಲಿ ದೂರದ ಊರುಗಳಿಗೆ ಕಳಿಸುವ ಕಂಪನಿ. ಬೆಲ್ಲವನ್ನು ಎಲ್ಲಿಂದ ಎತ್ತಬೇಕು, ಎಲ್ಲಿ ಇಳಿಸಬೇಕು ಎಂಬುದನ್ನೆಲ್ಲ ನೋಡಿಕೊಳ್ಳುತ್ತಿದ್ದ ಅಧಿಕಾರಿಯನ್ನು ನಾವೆಲ್ಲ ಸಾಗಾಣಿಕೆಯವರು ಎಂದೇ ಕರೆಯುತ್ತಿದ್ದೆವು. ಮಳವಳ್ಳಿ ಕಡೆಯ ಒಕ್ಕಲು ಮನೆತನ, ಬಿ.ಕಾಂ. ಓದು. ಅಂಗಿಯ ಇಸ್ತ್ರಿ ಎಷ್ಟು ನಯವೋ ಮಾತು ಅಷ್ಟೇ ಒರಟು. ಮೇಷ್ಟರ ಮಗಳಾದ ನಾನು ಮೊದಮೊದಲು ಬೆಚ್ಚಿಬೀಳುತ್ತಿದ್ದೆ. ಆಮೇಲಾಮೇಲೆ ಆ ಮಾತು ಕೇಳದಿದ್ದರೆ ಆಫೀಸೇ ಬಿಕೋ ಎನ್ನುತ್ತಿತ್ತು.

ಮುಂದಿನ ಹತ್ತು ವರ್ಷಕ್ಕೆ ಸಾಗಣೆಯ ಯೋಜನೆ ಮಾಡಿಕೊಡಿ ಎಂದು ಮಾಲೀಕರು ಅವರಿಗೆ ಹೇಳಿದ್ದರು. ಮುಂದಿನ ವಾರದ ಗತಿಯೇ ಗೊತ್ತಿಲ್ಲದ ಆಫೀಸು ನಮ್ಮದು! ಇವರು ಮಾತ್ರ ದೇವರು ಬಂದವರ ಹಾಗೆ ಕೂತುಬಿಟ್ಟರು. ಮಳವಳ್ಳಿ ರಸ್ತೆಯ ಉದ್ದಕ್ಕೂ ಸಣ್ಣ ಸಣ್ಣ ಗೋದಾಮು, ಅಲ್ಲಿಂದ ಮದ್ದೂರು ಸ್ಟೇಷನ್ನಿಗೆ ಎತ್ತಿನ ಗಾಡಿ, ಅಲ್ಲಿಂದಾಚೆಗೆ ರೈಲು. ಮಾಲೀಕರಿಗೆ ಲಾರಿಯ ಮೇಲೆ ಕಣ್ಣು. ಇವರು ಪಟ್ಟು ಬಿಡಲಿಲ್ಲ.

"ಲಾರಿಗೆ ಡೀಸಲ್ ಬೇಕು ಕಣಮ್ಮ, ಎತ್ಗೆ ಉಲ್ಲಿದ್ರೆ ಸಾಕು. ನಮ್ಮೂರ್ನೋರ್ಗೆ ಅತ್ತು ವರ್ಸ ಗೇಮೆ ಗ್ಯಾರಂಟಿ ಅಂತ ಮಾತು ಕೊಟ್ಟಿವ್ನಿ" ಎಂದು ನನ್ನ ಟೈಪ್‌ರೈಟರ್ ಪಕ್ಕ ನಿಂತು ಹೇಳುತ್ತಿದ್ದರು. ಹತ್ತು ವರ್ಷ ಕೆಲಸವಿರುತ್ತದೆಂಬ ಆ ಮಾತನ್ನು ನಂಬಿ ಊರಿನ ಗಾಡಿಯವರು ಮರದ ಚಕ್ರ ಬಿಚ್ಚಿ ಟೈರು ಹಾಕಿಸಿಕೊಂಡಿದ್ದರು.

ಯೋಜನೆಯನ್ನು ಟೈಪ್ ಮಾಡುವಾಗ ನೋಡಿದೆ, ಸೋಮವಾರದ ಜಾಗ ಖಾಲಿಯಿತ್ತು. ಮರೆತಿರಬೇಕೆಂದು ಕೇಳಿದರೆ ನಕ್ಕರು. "ಸೋಮ್ವಾರ ಬಸವಣ್ಣನ ದಿನ. ನಮ್ ಕಡೆ ಯಾರೂ ಎತ್ತಿನ ಎಗಲ್ ಮೇಲೆ ನೊಗ ಮಡಗಕಿಲ್ಲ."

ಅಷ್ಟೆಲ್ಲ ಮುಂದಾಲೋಚನೆ ಮಾಡಿದವರು, ರೈಲು ಸೋಮವಾರವೇ ಬಂದರೆ ಏನು ಮಾಡುವುದೆಂದು ಬರೆದಿರಲಿಲ್ಲ. ಹೊಳೆಯಲಿಲ್ಲವೋ, ಹೊಳೆದರೂ ಬರೆಯಲು ಮನಸ್ಸಾಗಲಿಲ್ಲವೋ...

ಬೆಲ್ಲದ ಭರಾಟೆಯ ಕಾಲದಲ್ಲಿ ಅದೇ ಆಯಿತು. ಕಾದೂ ಕಾದೂ ಸಿಗದಿದ್ದ ಗೂಡ್ಸ್ ವ್ಯಾಗನ್ನುಗಳು ಒಂದು ಸೋಮವಾರ ಬೆಳಿಗ್ಗೆ ಮದ್ದೂರಿಗೆ ಬಂದು ನಿಂತವು. ಸಂಜೆಯೊಳಗೆ ತುಂಬದಿದ್ದರೆ ಖಾಲಿಯೇ ಹೊರಡುತ್ತವೆ. "ಇವತ್ತು ಗಾಡಿ ಬರಲಿಲ್ಲ ಅಂದರೆ ನಾಳೆಯಿಂದ ಲಾರಿ. ಆಮೇಲೆ ನನ್ನ ಕೇಳಬೇಡಿ" ಎಂದರು ಮಾಲೀಕರು. ಸಾಗಾಣಿಕೆಯವರು ಬಸ್ಸು ಹಿಡಿದು ಊರಿಗೆ ಓಡಿದರು.

ಮನೆಮನೆಗೂ ಹೋಗಿ ಬೇಡಿಕೊಂಡರಂತೆ. "ನಿನ್ ಕಾಲಾರಾ ಇಡ್ಕತೀವಿ ಕಣಣ್ಣ, ಇದೊಂದ ಕೇಳ್ಬ್ಯಾಡ" ಎಂದರಂತೆ ಗಾಡಿಯವರು. ಕೊನೆಗೆ ಇವರೇ ತಮ್ಮ ಕೊಟ್ಟಿಗೆಯ ಎತ್ತುಗಳನ್ನು ಬಿಚ್ಚಿ, ಮರದ ಚಕ್ರದ ಹಳೆಯ ಗಾಡಿಗೆ ಕೀಲೆಣ್ಣೆ ಹಾಕಿ, ಊರ ನಡುವೆ ನೊಗ ಹೂಡಿದರು. ತಾವು ಕಟ್ಟಿದರೆ ಉಳಿದವರೂ ಕಟ್ಟಿಯಾರು ಎಂಬ ಆಸೆ. ಯಾರೂ ಕಟ್ಟಲಿಲ್ಲ. ಹೆಂಗಸರು ಬಾಗಿಲು ಹಾಕಿಕೊಂಡರು.

ಒಂದು ಗಾಡಿಯಿಂದ ವ್ಯಾಗನ್ನು ತುಂಬೀತೇ? ರೈಲು ಹೋಯಿತು, ಮಾಲೀಕರು ಹೇಳಿದಂತೆ ಲಾರಿಗಳು ಬಂದವು, ಗಾಡಿಯವರ ಕೆಲಸ ನಿಂತಿತು. ಮಾರನೆಯ ದಿನ ಆಫೀಸಿಗೆ ಬಂದಾಗ ಅವರ ಇಸ್ತ್ರಿಯ ಅಂಗಿಯ ತೋಳೆಲ್ಲ ಕೀಲೆಣ್ಣೆ. "ಅತ್ಲಾಗೆ ಗೇಮೆನೂ ಉಳಿಸ್ನಿಲ್ಲ, ಇತ್ಲಾಗೆ ಬಸವಣ್ಣನ ದಿನಾನೂ ಕೆಡಿಸ್ದೆ ಕಣಮ್ಮ" ಎಂದರು. ನನಗೆ ಮಾಲೀಕರ ಮೇಲೆ, ಊರಿನವರ ಮೇಲೆ, ಇವರ ಮೇಲೂ ಸಿಟ್ಟು ಬಂತು. ಸ್ವಲ್ಪ ದಿನದಲ್ಲೇ ಅವರು ಕೆಲಸ ಬಿಟ್ಟರು. ನಾನು ಮದುವೆಯಾಗಿ ಮೈಸೂರಿಗೆ ಬಂದೆ.

ಗೇಟಿಗೆ ಎಣ್ಣೆ ಹಾಕಿದ ಮೇಲೆ ಮನಸ್ಸು ನಿಲ್ಲಲಿಲ್ಲ. ಮೊನ್ನೆ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಟೀ ಅಂಗಡಿಯಲ್ಲಿ ಕೂತಿದ್ದ ಮುದುಕರೊಬ್ಬರಿಗೆ ಅವರ ಹೆಸರು ಹೇಳಿದೆ, ಬೆಲ್ಲದ ಕಂಪನಿಯಲ್ಲಿದ್ದರು ಎಂದೆ. ಗುರುತು ಹತ್ತಲಿಲ್ಲ. ಆಮೇಲೆ ಟೀ ಲೋಟ ಕೆಳಗಿಟ್ಟು, "ಯಾರು, ಸೋಮ್ವಾರ ಗಾಡಿ ಕಟ್ಟಿದ್ನಲ್ಲ, ಅವ್ನಾ? ತೀರೋಗ್ಬುಟ್ಟ ಕಣಮ್ಮ, ಬಾಳ ವರ್ಸ ಆಯ್ತು" ಎಂದರು.

ಅವರು ಗಾಡಿ ಕಟ್ಟಿದ್ದು ನಿಮ್ಮೂರಿನವರ ಕೆಲಸ ಉಳಿಸುವುದಕ್ಕೆ ಎಂದೆ. ನನ್ನ ದನಿ ಏರಿರಬೇಕು, ಅಂಗಡಿಯವನು ತಿರುಗಿ ನೋಡಿದ. ಮುದುಕರು ತಲೆಯಾಡಿಸಿ ಕೇಳಿದರು:

"ನೀವು ಅವ್ನಿಗೆ ಏನಾಗ್ಬೇಕು?"

ನಾನು ಏನೂ ಆಗಬೇಕಿರಲಿಲ್ಲ. ಹಾಗೆಂದೇ ಹೇಳಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಅಳು ತಡೆಯಲಾಗಲಿಲ್ಲ.