ಮೆಣಸಿನಕಾಯಿ ದಿನ ಬೀಸಿಸಿದ ಸೀಗೆ

ಮೂಕಂಡಪಲ್ಲಿಯ ನಮ್ಮ ಕಂಪನಿಯಲ್ಲಿ ಲೈನಿಗೆ ಹೋಗುವ ಮುಂಚೆ ಒಂದು ಶಾಸ್ತ್ರ ನಡೆಯುತ್ತದೆ. ಕೂದಲೆಲ್ಲ ಟೋಪಿಯೊಳಗೆ ತುರುಕಿ, ನೀಲಿ ಕೋಟು ತೊಟ್ಟು ಬಾಗಿಲ ಬಳಿ ಸಾಲಾಗಿ ನಿಲ್ಲಬೇಕು. ಲೈನ್ ಲೀಡರ್ ಹುಡುಗಿ ಅಂಟು ಕಾಗದ ಸುತ್ತಿದ ರೋಲರನ್ನು ಒಬ್ಬೊಬ್ಬರ ಕುತ್ತಿಗೆ, ಹೆಗಲು, ಬೆನ್ನ ಮೇಲೆ ಉರುಳಿಸುತ್ತಾಳೆ. ಧೂಳು, ದಾರ, ಕೂದಲು ಏನಿದ್ದರೂ ಅದಕ್ಕೆ ಮೆತ್ತಿಕೊಳ್ಳುತ್ತದೆ. ಕಾಗದ ಚೆನ್ನಾಗಿದ್ದರೆ ಅದೇ ಮುಂದಿನವರಿಗೂ ಆಗುತ್ತದೆ. ಕೊಳೆಯಾಗಿದ್ದರೆ ಪರ್ರನೆ ಆ ಸುತ್ತನ್ನು ಹರಿದು ಡಬ್ಬಕ್ಕೆ ಎಸೆಯುತ್ತಾಳೆ.

ನನ್ನ ಸರದಿ ಮುಗಿದ ಮೇಲೆ ದಿನಾ ಹರಿಯುತ್ತಿದ್ದಳು. ಹಿಂದೆ ನಿಂತ ಹೆಂಗಸರೆಲ್ಲ ಕೇಳಿಸಿಕೊಳ್ಳುವ ಹಾಗೆ, ಪರ್ರ್.

ತಲೆಹೊಟ್ಟು. ಹೇಳಿಕೊಳ್ಳಲು ಅದೇನು ದೊಡ್ಡ ರೋಗವೇ? ಆದರೆ ನಮ್ಮದು ಸಣ್ಣ ಸಣ್ಣ ಪಾರ್ಟುಗಳನ್ನು ಭೂತಗನ್ನಡಿಯಲ್ಲಿ ನೋಡಿ ಜೋಡಿಸುವ ಕೆಲಸ. ಒಂದು ದಿನ ನನ್ನ ಟ್ರೇಯಲ್ಲಿ ಒಂದು ಬಿಳಿ ಚೂರು ಸಿಕ್ಕಿತು. ಲೀಡರ್ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದಳು. ಧರ್ಮಪುರಿ ಕಡೆಯವಳು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಿಮಟ ಹಿಡಿಯುವುದನ್ನು ಕಲಿಸಿದವಳೇ ನಾನು.

"ಅಕ್ಕಾ, ತಪ್ಪಾ ನೆನಚ್ಚುಕ್ಕಾದೀಂಗ," ಎಂದು ತಮಿಳಿನಲ್ಲಿ ಶುರು ಮಾಡಿ, ನನ್ನ ಮುಖ ನೋಡಿ ಕನ್ನಡಕ್ಕೆ ಬಂದಳು. "ತಪ್ಪು ತಿಳ್ಕೋಬೇಡಿ ಅಕ್ಕಾ. ಇನ್ನೊಂದು ತಿಂಗ್ಳು ನೋಡು ಅಂದವ್ರೆ ಸೂಪರ್‌ವೈಸರ್ ಸಾರು. ಸರಿಹೋಗ್ಲಿಲ್ಲ ಅಂದ್ರೆ ಪ್ಯಾಕಿಂಗ್‌ಗೆ ಹಾಕ್ತಾರಂತೆ."

ಪ್ಯಾಕಿಂಗ್ ಕೀಳು ಕೆಲಸವೇನಲ್ಲ. ಆದರೆ ಹನ್ನೊಂದು ವರ್ಷ ಲೈನಿನಲ್ಲಿ ಕೂತು ಕೆಲಸ ಮಾಡಿದವಳನ್ನು 'ಇವಳ ತಲೆ ಹೊಟ್ಟು ಉದುರುತ್ತೆ' ಎಂದು ಹೊರಗೆ ಹಾಕುವುದಿದೆಯಲ್ಲ, ಅದನ್ನು ನೆನೆಸಿಕೊಂಡರೆ ಬಸ್ಸಿನಲ್ಲಿ ಕೂತಲ್ಲೇ ಮೈ ಉರಿಯುತ್ತಿತ್ತು.

ನಾನೇನು ಕೊಳಕಿಯೇ? ದಿನಾ ತಲೆಗೆ ನೀರು ಹಾಕುತ್ತಿದ್ದೆ. ನಮ್ಮ ಬಚ್ಚಲ ಕಿಟಕಿಯಲ್ಲಿ ಶಾಂಪೂ ಪಾಕೀಟಿನ ಸರಗಳು ಅಂಗಡಿಯಲ್ಲಿ ತೂಗುಬಿಟ್ಟ ಹಾಗೆ ತೂಗುತ್ತಿದ್ದವು: ಹಸಿರಿನದು, ನೀಲಿಯದು, ಹೊಟ್ಟಿಗೆಂದೇ ಬರುವುದು, ಹೊಟ್ಟಿನದ್ದು ಆಗಲಿಲ್ಲವೆಂದು ತಂದ ಇನ್ನೊಂದು. ನಮ್ಮದು ಸೂಳಗಿರಿಯಿಂದ ಒಳಗಿನ ಹಳ್ಳಿ. ಬಕೆಟ್ಟಿನ ಅಂಚಿಗೆ ಸುಣ್ಣ ಕಟ್ಟುವಂಥ ಬೋರ್ ನೀರು. ತೊಳೆದಷ್ಟೂ ನೆತ್ತಿ ಬಿರಿಯುತ್ತಿತ್ತು, ಬಿರಿದಷ್ಟೂ ತೊಳೆಯುತ್ತಿದ್ದೆ.

ಅತ್ತೆಗೆ ವಿಷಯ ಹೇಳದೆ ವಿಧಿಯಿರಲಿಲ್ಲ, ನನ್ನ ಮುಖವೇ ಹೇಳುತ್ತಿತ್ತು. ರೋಲರಿನ ಕಥೆ ಕೇಳಿದವರೇ, "ಸೀಗೇಕಾಯಿ ಹಾಕ್ಕೊಳಮ್ಮಾ," ಎಂದರು.

ನನಗೆ ಸಿಟ್ಟು ಬಂತು. "ಸೀಗೆ ಹಾಕಿ ಹಾಕಿ ನಿಮ್ಗೆ ಉಳಿದಿರೋದು ನಿಂಬೆಹಣ್ಣಿನಷ್ಟು ಗಂಟು. ನಂಗೆ ಬುದ್ಧಿ ಹೇಳ್ತೀರಾ?"

ಅತ್ತೆ ಹುರುಳಿ ಆರಿಸುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ. "ವಯಸ್ಸಾದ್ರೆ ಕೂದ್ಲು ಹೋಗ್ತದೆ ಕಣಮ್ಮಾ. ಆದ್ರೆ ನಾನು ತಲೆ ಕೆರ್ಕೊಂಡಿದ್ದು ಯಾವತ್ತಾದ್ರೂ ನೋಡಿದ್ಯಾ?"

ಮದುವೆಯಾಗಿ ಬಂದು ಹದಿನೆಂಟು ವರ್ಷ. ಒಂದು ಸಲವೂ ನೋಡಿರಲಿಲ್ಲ.

ಅವರು ಸೀಗೆ ಹಾಕಿಕೊಳ್ಳುವುದನ್ನೂ ನೋಡಿರಲಿಲ್ಲ, ನೋಡುವುದಾದರೂ ಹೇಗೆ? ಬಂದ ಹೊಸದರಲ್ಲೇ, ಸೀಗೆ ಕುದಿಸುವ ಹುಳಿ ಘಾಟು ನನಗೆ ಆಗದೆಂದು ಮೂಗು ಮುರಿದಿದ್ದೆ. ಒಳಗಿನ ಬಚ್ಚಲು ನಾರುತ್ತದೆ, ಹಿತ್ತಲಲ್ಲಿ ಮಾಡಿಕೊಳ್ಳಿ ಎಂದಿದ್ದೆ. ಅವರು ಮರುಮಾತಾಡದೆ ಹಿತ್ತಲ ತಡಿಕೆ ಮರೆಗೆ ಹೋದವರು ಮತ್ತೆ ತಲೆ ತೊಳೆಯಲು ಒಳಗಿನ ಬಚ್ಚಲಿಗೆ ಬಂದಿರಲಿಲ್ಲ. ಈಗ ಅಂಥವರ ಹತ್ತಿರ 'ಸೀಗೆ ಕೊಡಿ' ಎಂದು ಕೈಚಾಚಲು ನನ್ನ ಜಂಬ ಬಿಡಲಿಲ್ಲ. ಸೂಳಗಿರಿ ಸಂತೆಯಲ್ಲಿ, ಸಾನಮಾವು ಕಡೆಯಿಂದ ಬರುವ ಹೆಂಗಸಿನ ಹತ್ತಿರ ಎರಡು ಸೇರು ಕಾಯಿ ಕೊಂಡೆ. "ಆನೆ ಕಾಟ, ಈ ಸಲ ಕಾಯಿ ಕಿತ್ತಿದ್ದೇ ಕಮ್ಮಿ," ಎನ್ನುತ್ತ ಕೊಸರು ಮಾತ್ರ ಹಾಕಲಿಲ್ಲ. ಕುದಿಸಿ ಕೂರಲು ನನಗೆಲ್ಲಿ ಪುರುಸೊತ್ತು, ಪುಡಿ ಮಾಡಿಸಿಬಿಡೋಣವೆಂದು ಹಾಗೇ ಹಿಟ್ಟಿನ ಮಿಷನ್ನಿಗೆ ಹೋದೆ.

ನಮ್ಮ ಕಡೆ ಮಿಷನ್ನಿಗೂ ವಾರ ಉಂಟು. ರಾಗಿ ದಿನಾ ಬೀಸುತ್ತಾರೆ. ಪಕ್ಕದ ಸಣ್ಣ ಮಿಷನ್ನಿನಲ್ಲಿ ಗುರುವಾರ ಮೆಣಸಿನಕಾಯಿ. ಶನಿವಾರ ಸಂಜೆ, ಒಳಗೆಲ್ಲ ಗುಡಿಸಿ ಒರೆಸಿದ ಮೇಲೆ, ಕಟ್ಟಕಡೆಗೆ ಸೀಗೆ. ನಾನು ಹೋದದ್ದು ಗುರುವಾರ.

"ಇವತ್ತು ಮೆಣಸಿನಕಾಯಿ ದಿನ ಕಣಮ್ಮಾ. ಶನಿವಾರ ಬಾ," ಎಂದ ಮಿಷನ್ನಿನವನು.

"ಶನಿವಾರ ನಂಗೆ ಸಂಜೆ ಶಿಫ್ಟು. ನಿನ್ ವಾರ ನೋಡ್ಕೊಂಡು ಕಂಪ್ನಿ ನಡೀತದಾ? ಹಾಕಯ್ಯಾ ಸುಮ್ನೆ!"

"ಬ್ಯಾಡ ಅಂತೀನಿ..."

"ಹಾಕು ಅಂದ್ನಲ್ಲ!"

ಅವನು ಹಾಕಿದ. ಪುಡಿ ಸ್ವಲ್ಪ ಕೆಂಪಗೆ ಬಿತ್ತು. ಒಳ್ಳೆ ಜಾತಿಯ ಸೀಗೆ ಇರಬೇಕೆಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಭಾನುವಾರ ಬೆಳಿಗ್ಗೆ ಗಸಗಸನೆ ಕಲಸಿ, ಎರಡು ಕೈಯಲ್ಲೂ ನೆತ್ತಿಗೆ ತಿಕ್ಕಿದೆ. ಎಣಿಸಿ ಹತ್ತಾಗುವಷ್ಟರಲ್ಲಿ ಶುರುವಾಯಿತು. ಅಯ್ಯಯ್ಯಪ್ಪಾ! ಮೊದಲೇ ಕೆರೆದು ಗಾಯವಾದ ತಲೆ. ಕಿವಿಯ ಹಿಂದೆ ಉರಿ, ಕುತ್ತಿಗೆಗೆ ಇಳಿದ ಉರಿ, ಕಣ್ಣು ಬಿಡುವ ಹಾಗಿಲ್ಲ. ಸೀರೆ ಸುತ್ತಿಕೊಂಡು ಕುಣಿಯುತ್ತ ಅಂಗಳಕ್ಕೆ ಬಂದೆ. ನನ್ನ ಗಂಡ ಹಾವು ಕಚ್ಚಿತೆಂದುಕೊಂಡು ದೊಣ್ಣೆ ಹಿಡಿದು ಬಚ್ಚಲಿಗೆ ನುಗ್ಗಿದರು.

ಅತ್ತೆ ಮಾತ್ರ ಒಂದು ಸಲ ಮೂಸಿ ನೋಡಿದರು, ಅಷ್ಟೇ. ಮಜ್ಜಿಗೆ ಗಡಿಗೆ ತಂದು ನನ್ನನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ ತಲೆ ಮೇಲೆ ಸುರಿದರು. ಆಮೇಲೆ ನಕ್ಕರು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. "ಗುರುವಾರದ ಸೀಗೇನಾ? ಸಾರು ಮಾಡ್ಬಹುದಿತ್ತಲ್ಲೇ!"

ಅಳುತ್ತಿದ್ದ ನನಗೂ ನಗು ಬಂತು. ಆ ಪುಡಿಯನ್ನು ಅತ್ತೆ ಇಲಿ ಬಿಲದ ಬಾಯಿಗೆ ಸುರಿದರು.

ಆವತ್ತಿನಿಂದ ನನ್ನ ತಲೆ ಅವರ ಕೈಗೆ ಹೋಯಿತು. ವಾರಕ್ಕೆ ಎರಡೇ ಸಲ, ಹೆಚ್ಚು ಬೇಡ ಎಂದರು. ಅವರ ಗೋಣಿಚೀಲದ ಕಾಯಿ ಜಜ್ಜಿ, ಒಂದು ಹಿಡಿ ಅಂಟುವಾಳ, ಒಂದು ಚಿಟಿಕೆ ಮೆಂತ್ಯ ಸೇರಿಸಿ ಹಿಂದಿನ ದಿನವೇ ನೆನೆಹಾಕುತ್ತಿದ್ದರು. ಬೆಳಿಗ್ಗೆ ಕುದಿಸಿ, ಹಿಸುಕಿ, ಬಟ್ಟೆಯಲ್ಲಿ ಸೋಸಿದ ಕಂದು ನೀರು. ನಾನು ಕಲ್ಲಿನ ಮೇಲೆ ಕೂರಬೇಕು, ಅವರು ಹಿಂದೆ ನಿಂತು ಉಜ್ಜಬೇಕು. ಶಾಂಪೂವಿನಂಥ ನೊರೆಯೇ ಇಲ್ಲ! ಆ ನೊರೆಯಿಲ್ಲದೆ ಕೊಳೆ ಹೋಯಿತೆಂದು ಮನಸ್ಸು ಒಪ್ಪುತ್ತಿರಲಿಲ್ಲ. ಮೊದಲ ಎರಡು ವಾರ ಕೂದಲು ಎಣ್ಣೆ ಮೆತ್ತಿದ ಹಗ್ಗದ ಹಾಗಿತ್ತು. ಬಸ್ಸಿನಲ್ಲಿ ಪಕ್ಕದವಳು ಮೂಗು ಮುರಿದಾಗ, ಹದಿನೆಂಟು ವರ್ಷದ ಹಿಂದೆ ನಾನು ಮುರಿದ ಮೂಗೇ ಕಣ್ಣಮುಂದೆ ಬಂತು.

ಸಂಜೆ ಬಾಗಿಲಲ್ಲೇ ಅತ್ತೆ ಕೇಳುತ್ತಿದ್ದರು, "ಇವತ್ತು ಹರುದ್ಲಾ?"

"ಹರುದ್ಲು."

"ಹರೀಲಿ ಬಿಡು. ಅವ್ಳ ಕಾಗ್ದ ತಾನೆ."

ಮೂರನೇ ವಾರ ಕೆರೆತ ಕಮ್ಮಿಯಾಯಿತು. ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ, ಬೆಳಗ್ಗಿನಿಂದ ತಲೆಗೆ ಕೈಯೇ ಹೋಗಿಲ್ಲವಲ್ಲ ಎಂದು ಹೊಳೆಯಿತು. ಹೊಳೆದ ಕೂಡಲೇ, ದೃಷ್ಟಿಯಾದೀತೆಂದು, ಆ ಯೋಚನೆ ಬಿಟ್ಟೆ. ಆದರೂ ಕಾಗದ ಹರಿಯುವುದು ನಿಲ್ಲಲಿಲ್ಲ. ತಿಂಗಳು ಮುಗಿಯಲು ನಾಲ್ಕು ದಿನವಿತ್ತು, ಮೂರು ದಿನವಿತ್ತು.

ಎರಡು ದಿನ ಉಳಿದಿದ್ದಾಗ, ಶುಕ್ರವಾರ, ಸಾಲಿನಲ್ಲಿ ನಿಂತೆ. ರೋಲರು ಕುತ್ತಿಗೆಗೆ ಬಂತು, ಹೆಗಲಿಗೆ ಬಂತು, ಬೆನ್ನಿಗೆ ಇಳಿಯಿತು. ಪರ್ರ್ ಎನ್ನುವುದನ್ನು ಕಾಯುತ್ತ ಕಣ್ಣು ಮುಚ್ಚಿಕೊಂಡಿದ್ದೆ. ಸದ್ದಿಲ್ಲ. ತಿರುಗಿ ನೋಡಿದರೆ ಹುಡುಗಿ ಅದೇ ಕಾಗದವನ್ನು ಹಿಂದಿನವಳ ಹೆಗಲ ಮೇಲೆ ಉರುಳಿಸುತ್ತಿದ್ದಳು. ನನ್ನತ್ತ ನೋಡಿ ಹುಬ್ಬು ಹಾರಿಸಿದಳು. ಸದ್ಯ! ಎದೆ ಮೇಲೆ ಕೂತಿದ್ದವರು ಯಾರೋ ಎದ್ದುಹೋದ ಹಾಗಾಯಿತು. ಮಾಸ್ಕಿನೊಳಗೆ ಅತ್ತುಬಿಟ್ಟೆ, ಯಾರಿಗೂ ಕಾಣಲಿಲ್ಲ.

ಆ ಸಂಜೆ ಬಸ್ಸಿಳಿದು ಓಡಿದೆ.

"ಇವತ್ತು ಹರುದ್ಲಾ?"

"ಇಲ್ಲ ಅತ್ತೆ! ಹರೀಲೇ ಇಲ್ಲ!"

ಅವರು ಎಡಗೈ ಚಾಚಿ ನನ್ನ ಚೀಲ ತೆಗೆದುಕೊಂಡರು. "ಹಂಗಾದ್ರೆ ಒಂದು ಮಾತು ಕೇಳ್ತೀನಿ, ಬೈಬ್ಯಾಡ. ಭಾನುವಾರ ನನ್ ತಲೇನೂ ವಸಿ ಉಜ್ಜಿಕೊಡ್ತೀಯಾ? ಬಲಗೈ ಮೇಲಕ್ಕೆ ಎತ್ತಕ್ಕಾಗಲ್ಲ."

"ಯಾವಾಗ್ಲಿಂದ?"

"ಹೋದ್ ದೀಪಾವಳಿಯಿಂದ. ಒಂದೇ ಕೈಲಿ ಹೆಂಗೋ ಮಾಡ್ಕೊಂತಿದ್ದೆ."

"ಆ ಬಲಗೈಯಲ್ಲೇ ಒಂದು ತಿಂಗ್ಳು ನನ್ ತಲೆ ಉಜ್ಜಿದ್ರಲ್ಲಾ!"

"ನಿನ್ ತಲೆ ಕೆಳಗಿರ್ತಿತ್ತು ಕಣಮ್ಮಾ. ಅದಕ್ಕೆ ಕೈ ಎತ್ತೋದೇನು ಬಂತು?"

ಭಾನುವಾರ ನಾನೇ ಸೀಗೆ ಕುದಿಸಿದೆ. ಮನೆಯೆಲ್ಲ ಹುಳಿ ಘಾಟು ತುಂಬಿತು. ಅತ್ತೆ ರೂಢಿಯಂತೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹಿತ್ತಲ ಬಾಗಿಲಿನತ್ತ ಹೊರಟರು. ಪಾತ್ರೆಯನ್ನು ನಾನು ಒಳಗಿನ ಬಚ್ಚಲಲ್ಲಿ ಇಟ್ಟು, ಮಣೆ ಹಾಕಿ, ಅವರನ್ನು ಕೂಗಿದೆ.